ಗೊತ್ತಿರುವ ಪದ ಬಾಯಿಗೆ ಬರಬೇಕಾದರೆ: ಎರಡನೆಯ ಭಾಷೆ ಕಲಿಯುವವರಿಗೆ ನೆನಪಿನ ಲೆಕ್ಕಾಚಾರ

ಮಂಡ್ಯದ ಕನ್ನಡ ಮಾಧ್ಯಮ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಇಂಗ್ಲಿಷಿನಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಹುಡುಗಿ, ಮೈಸೂರಿನಲ್ಲಿ ನರ್ಸಿಂಗ್ ಓದಿ ಜರ್ಮನಿಗೆ ಹೊರಡಲು ಜರ್ಮನ್ ಕಲಿಯುತ್ತಿರುವವರು, ದೇವರಾಜ ಮಾರುಕಟ್ಟೆಯ ಬಳಿ ಅಂಗಡಿಯಿಟ್ಟುಕೊಂಡು ಪ್ರವಾಸಿಗರೊಡನೆ ಹಿಂದಿಯಲ್ಲಿ ವ್ಯವಹರಿಸಬೇಕಾದವರು, ಇವರೆಲ್ಲರ ದೂರು ಒಂದೇ: 'ಪುಸ್ತಕದಲ್ಲಿ ನೋಡಿದ್ರೆ ಗೊತ್ತಾಗುತ್ತೆ, ಮಾತಾಡೋಕೆ ಹೋದ್ರೆ ಬರಲ್ಲ.' ಜ್ಞಾಪಕಶಕ್ತಿ ಸಾಲದು ಎಂದುಕೊಂಡು ಬಾದಾಮಿ ನೆನೆಸಿಡುವವರಿದ್ದಾರೆ, ಒಂದೆಲಗದ ಚಟ್ನಿ ಅರೆಯುವವರಿದ್ದಾರೆ. ಚಟ್ನಿ ರುಚಿಯಾಗಿರುತ್ತದೆ, ತಿನ್ನಿ. ಆದರೆ ಈ ತೊಂದರೆಯ ಬೇರು ಓದುವ ಕ್ರಮದಲ್ಲಿದೆ.

ಕಣ್ಣಿಗೆ ಬಿದ್ದ ಪದವನ್ನು ಗುರುತು ಹಿಡಿಯುವುದು ಒಂದು ಕೆಲಸ. ಎದುರಿಗೆ ಏನೂ ಇಲ್ಲದಾಗ ಅದನ್ನು ನೆನಪಿನಿಂದ ಎತ್ತಿ ತರುವುದು ಇನ್ನೊಂದು ಕೆಲಸ. ಪಾಠವನ್ನು ಐದು ಸಲ ಓದಿ, ಅಡಿಗೆರೆ ಎಳೆದು, ಹಳದಿ ಬಣ್ಣ ಬಳಿದವರು ಮೊದಲನೆಯದರಲ್ಲಿ ಪಳಗಿರುತ್ತಾರೆ. ಎರಡನೆಯದನ್ನು ಒಮ್ಮೆಯೂ ಮಾಡಿರುವುದಿಲ್ಲ. 2008ರಲ್ಲಿ ಅಮೆರಿಕದ ಜೆಫ್ರಿ ಕಾರ್ಪಿಕಿ ಮತ್ತು ಹೆನ್ರಿ ರೋಡಿಗರ್ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು 40 ಸ್ವಾಹಿಲಿ ಪದಗಳನ್ನು ಅರ್ಥದೊಡನೆ ಕಲಿತರು. ಒಮ್ಮೆ ಸರಿ ಹೇಳಿದ ಪದವನ್ನೂ ಬಿಡದೆ ಮತ್ತೆ ಮತ್ತೆ ಕೇಳಿಸಿಕೊಂಡು ಉತ್ತರಿಸಿದವರು ವಾರದ ನಂತರ ಸುಮಾರು 80% ಪದಗಳನ್ನು ನೆನಪಿಟ್ಟಿದ್ದರು. ಸರಿ ಹೇಳಿದ ಪದವನ್ನು ಮುಂದಿನ ಪರೀಕ್ಷೆಯಿಂದ ಕೈಬಿಟ್ಟವರಲ್ಲಿ ಉಳಿದದ್ದು ಮೂರನೆಯ ಒಂದು ಭಾಗದಷ್ಟು ಮಾತ್ರ, ಪಟ್ಟಿಯನ್ನು ಓದುತ್ತಲೇ ಇದ್ದರೂ ಅಷ್ಟೇ. ಇನ್ನೂ ಗಮನಿಸಬೇಕಾದ್ದು, ವಾರದ ನಂತರ ಎಷ್ಟು ನೆನಪಿರಬಹುದು ಎಂದು ಮೊದಲೇ ಕೇಳಿದಾಗ ಎಲ್ಲ ಗುಂಪಿನವರೂ ಹೆಚ್ಚುಕಡಿಮೆ ಅರ್ಧ ಎಂದೇ ಹೇಳಿದ್ದರು. ಹೇಗೆ ಓದಿದರೆ ಉಳಿಯುತ್ತದೆ ಎಂಬುದು ಓದುವವರಿಗೇ ತಿಳಿಯುವುದಿಲ್ಲ.

ನಮ್ಮಲ್ಲಿ ಕಂಠಪಾಠದ ಅಭ್ಯಾಸ ಹಳೆಯದು, ಅದನ್ನು ಹೀಗಳೆಯಬೇಕಾಗಿಲ್ಲ. ಆದರೆ ಅದು ಕೊಡುವುದು ಸಾಲಿನ ನೆನಪು. ಏಳೆಂಟ್ಲ ಎಷ್ಟು ಎಂದು ತಟ್ಟನೆ ಕೇಳಿದರೆ ಏಳೊಂದ್ಲ ಏಳರಿಂದ ಶುರುಮಾಡಿ ಅಲ್ಲಿಗೆ ಬರುವ ಮಕ್ಕಳನ್ನು ನೋಡಿದ್ದೇವೆ. ಪದಪಟ್ಟಿಯನ್ನು ಮೇಲಿನಿಂದ ಕೆಳಗೆ ಉರು ಹೊಡೆದಾಗ ಆಗುವುದೂ ಅದೇ. ಹಿಂದಿನ ಪದ ಮುಂದಿನದನ್ನು ಎಳೆದು ತರುತ್ತದೆ. ಮಾತಿನ ನಡುವೆ ಹಿಂದಿನ ಪದ ಇರುವುದಿಲ್ಲ, ಹಾಗಾಗಿ ಬೇಕಾದದ್ದು ಬರುವುದಿಲ್ಲ.

ಮೊದಲು ಅಳೆಯಿರಿ

ಸುಮಾರು ಒಂದು ವಾರದ ಹಿಂದೆ ಓದಿ ಮುಗಿಸಿದ ಪಾಠದಿಂದ 20 ಪದ ಆರಿಸಿ. ಕಲಿಯುವ ಭಾಷೆಯ ಪದ ಒಂದು ಹಾಳೆಯಲ್ಲಿ, ಅದರ ಕನ್ನಡ ಅರ್ಥ ಇನ್ನೊಂದು ಹಾಳೆಯಲ್ಲಿ, ಎರಡರಲ್ಲೂ ಕ್ರಮ ಬೇರೆಯಾಗಿರಲಿ. ಮೊದಲು ಕನ್ನಡದ ಹಾಳೆ ಹಿಡಿದು ಆ ಭಾಷೆಯ ಪದ ಹೇಳಿ, ಒಂದೊಂದಕ್ಕೆ ನಾಲ್ಕೇ ಸೆಕೆಂಡು. ಆಮೇಲೆ ಇನ್ನೊಂದು ಹಾಳೆ ನೋಡಿ ಅರ್ಥ ಹೇಳಿ. ಈ ಕ್ರಮವನ್ನು ತಿರುಗಿಸಬೇಡಿ. ಸುಲಭದ್ದನ್ನು ಮೊದಲು ಮಾಡಿದರೆ ಕಷ್ಟದ್ದಕ್ಕೆ ಉತ್ತರ ಕಂಡಂತಾಗಿ ಅಳತೆ ಕೆಡುತ್ತದೆ. ಅರ್ಥ ಹೇಳುವುದರಲ್ಲಿ 17, ಪದ ಹೇಳುವುದರಲ್ಲಿ 6 ಬಂತು ಎನ್ನಿ. ಆ 11 ಪದಗಳ ಅಂತರವೇ ನಿಮ್ಮ ಕೆಲಸ. ಎರಡರಲ್ಲೂ ಐದಾರು ಮಾತ್ರ ಬಂದರೆ ತೊಂದರೆ ಬೇರೆ: ಒಂದೇ ಸಲಕ್ಕೆ ವಿಪರೀತ ಪದ ತುಂಬಿಕೊಂಡಿದ್ದೀರಿ, ಇಲ್ಲವೇ ಅರ್ಥವಾಗದ ಪಾಠದಿಂದ ಪದ ಹೆಕ್ಕಿದ್ದೀರಿ.

ಕಾರ್ಡು ಮಾಡುವ ಬಗೆ

ಎ4 ಅಳತೆಯ ದಪ್ಪ ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ ಕತ್ತರಿಸಿದರೆ 7.4 ಸೆಂ.ಮೀ. ಅಗಲ, 10.5 ಸೆಂ.ಮೀ. ಉದ್ದದ 8 ಕಾರ್ಡುಗಳಾಗುತ್ತವೆ. ಗೊಯೆಥೆ ಸಂಸ್ಥೆಯ ಜರ್ಮನ್ ಎ1 (ಆರಂಭದ ಹಂತದ) ಪರೀಕ್ಷೆಯ ಪದಪಟ್ಟಿಯಲ್ಲಿ ಸುಮಾರು 650 ಪದಗಳಿವೆ. ಅಷ್ಟಕ್ಕೂ 82 ಹಾಳೆ ಸಾಕು. ಮದುವೆಯ ಕಾಲ ಮುಗಿದ ಮೇಲೆ ಮನೆಯಲ್ಲಿ ರಾಶಿಬೀಳುವ ಲಗ್ನಪತ್ರಿಕೆಗಳ ಖಾಲಿ ಬದಿಯೂ ಆಗುತ್ತದೆ. ನೋಟ್‌ಬುಕ್ಕಿನ ತೆಳು ಹಾಳೆ ಬೇಡ. ಹಿಂದಿನ ಶಾಯಿ ಮುಂದೆ ಇಣುಕಿ ಉತ್ತರ ಹೇಳಿಬಿಡುತ್ತದೆ, ಅದು ನಿಮಗೆ ಗೊತ್ತೂ ಆಗುವುದಿಲ್ಲ.

ಮುಂಬದಿಯಲ್ಲಿ ಕನ್ನಡ, ಹಿಂಬದಿಯಲ್ಲಿ ಕಲಿಯುವ ಭಾಷೆ. ಮಾತಾಡುವ ಗುರಿಯಿದ್ದರೆ ಇದೇ ದಿಕ್ಕು. ಬರೀ ಓದಿ ತಿಳಿದರೆ ಸಾಕಾದ ಪದಗಳಿಗೆ ಮಾತ್ರ ತಿರುಗಿಸಿ ಬರೆಯಿರಿ. ಎರಡು ದಿಕ್ಕಿನ ಕಾರ್ಡೂ ಮಾಡುತ್ತೇನೆ ಎಂದು ಹೊರಟರೆ ಕೆಲಸ ಇಮ್ಮಡಿಯಾಗಿ ತಿಂಗಳೊಳಗೆ ಪೆಟ್ಟಿಗೆ ಅಟ್ಟ ಸೇರುತ್ತದೆ.

ಒಂಟಿ ಪದ ಬರೆಯಬೇಡಿ. 'ಅವಲಂಬಿಸು' ಎಂದು ಬರೆದು ಹಿಂದೆ 'ಡಿಪೆಂಡ್' ಎಂದರೆ ಆ ಪದ ಬರುತ್ತದೆ, ಅದರ ಜೊತೆಯ 'ಆನ್' ಬರುವುದಿಲ್ಲ. ಮುಂದೆ 'ಬೆಳೆ ಮಳೆಯನ್ನು ಅವಲಂಬಿಸಿದೆ' ಎಂದೂ ಹಿಂದೆ 'ದ ಕ್ರಾಪ್ ಡಿಪೆಂಡ್ಸ್ ಆನ್ ದ ರೈನ್' ಎಂದೂ ಬರೆದು, ಕಲಿಯಬೇಕಾದ ತುಂಡಿಗೆ ಗೆರೆ ಎಳೆಯಿರಿ. ಪ್ರಶ್ನೆಗೆ ಒಂದೇ ಉತ್ತರವಿರಬೇಕು. 'ಹೇಳು' ಎಂದಷ್ಟೇ ಬರೆದರೆ 'ಸೇ', 'ಟೆಲ್' ಎರಡೂ ಸರಿಯೇ. ಆ ಕಾರ್ಡು ಜೀವನವಿಡೀ ಕಾಡುತ್ತದೆ. 'ನನಗೆ ನಿಜ ಹೇಳು' ಎಂದು ಬರೆದರೆ 'ಟೆಲ್' ಒಂದೇ ಉಳಿಯುತ್ತದೆ.

ಲಿಂಗಭೇದದ ಭಾಷೆಗಳಲ್ಲಿ ಕನ್ನಡಿಗರಿಗೆ ವಿಶೇಷ ತೊಡಕಿದೆ. ನಮಗೆ ಚಮಚ, ಚಾಕು ಎಲ್ಲವೂ ನಪುಂಸಕ. ಜರ್ಮನ್ನಿನಲ್ಲಿ ಚಮಚ 'ಡೆರ್ ಲೋಫೆಲ್', ಮುಳ್ಳುಚಮಚ 'ಡೀ ಗಾಬೆಲ್', ಚಾಕು 'ಡಾಸ್ ಮೆಸ್ಸರ್'; ಒಂದೇ ತಟ್ಟೆಯ ಪಕ್ಕದಲ್ಲಿ ಮೂರೂ ಲಿಂಗ. ಮೊದಲು ಪದ ಕಲಿತು ಲಿಂಗ ಆಮೇಲೆ ನೋಡೋಣ ಎಂದವರು ಎರಡು ಸಲ ಕಲಿಯಬೇಕಾಗುತ್ತದೆ, ಏಕೆಂದರೆ ಲಿಂಗವಿಲ್ಲದ ರೂಪ ಅಷ್ಟರಲ್ಲಿ ನಾಲಿಗೆಯಲ್ಲಿ ಗಟ್ಟಿಯಾಗಿರುತ್ತದೆ. 'ಡೆರ್' ಪದಗಳನ್ನು ನೀಲಿ, 'ಡೀ' ಪದಗಳನ್ನು ಕೆಂಪು, 'ಡಾಸ್' ಪದಗಳನ್ನು ಹಸಿರು ಶಾಯಿಯಲ್ಲಿ ಬರೆದು, ಹೇಳುವಾಗಲೂ ಜೋಡಿಯಾಗಿಯೇ ಹೇಳಿ. ಹಿಂದಿಗೆ ಗುಣವಾಚಕ ಸೇರಿಸಿದ ತುಂಡು ಒಳ್ಳೆಯದು: 'ಠಂಡಾ ಪಾನಿ', 'ಖಟ್ಟಾ ದಹಿ', 'ಮೋಟೀ ರೋಟಿ', 'ಠಂಡೀ ಚಾಯ್'. ಪಾನಿ, ದಹಿ, ರೋಟಿ ಮೂರೂ ಇಕಾರದಲ್ಲಿ ಮುಗಿದರೂ ಮೊದಲೆರಡು ಪುಲ್ಲಿಂಗ, ಮೂರನೆಯದು ಸ್ತ್ರೀಲಿಂಗ. ನಿಯಮ ನೆನೆಯುತ್ತಾ ಕೂತರೆ ಗಿರಾಕಿ ಮುಂದಿನ ಅಂಗಡಿಗೆ ಹೋಗಿರುತ್ತಾರೆ.

ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ತಪ್ಪಲ್ಲ, ಆದರೆ ಪೆನ್ಸಿಲ್ಲಿನಲ್ಲಿ ಬರೆಯಿರಿ. ಎರಡು ಸಲ ಸರಿ ಹೇಳಿದ ಮೇಲೆ ಅಳಿಸಿ. ಅಳಿಸದಿದ್ದರೆ ಕಣ್ಣು ಪ್ರತಿ ಸಲ ಕನ್ನಡಕ್ಕೇ ಓಡುತ್ತದೆ, ಆ ಭಾಷೆಯ ಕಾಗುಣಿತ ಕೊನೆಗೂ ಕೂರುವುದಿಲ್ಲ.

ಮೂವತ್ತೊಂದು ಖಾನೆಯ ಪೆಟ್ಟಿಗೆ

ಜರ್ಮನಿಯ ಹೆರ್ಮಾನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಮರೆವಿನ ಅಳತೆಗಳನ್ನು ತೋರಿಸಿ 'ಒಂದೇ ದಿನದಲ್ಲಿ 70% ಮರೆತುಹೋಗುತ್ತೆ' ಎಂದು ಹೆದರಿಸುವವರಿದ್ದಾರೆ. ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು, ಅರ್ಥವಿಲ್ಲದ ಉಚ್ಚಾರಗಳ ಸಾಲನ್ನು ಕಲಿತು, ಮತ್ತೆ ಕಲಿಯುವಾಗ ಎಷ್ಟು ಸಮಯ ಉಳಿಯಿತು ಎಂದು ಲೆಕ್ಕ ಹಾಕಿದರು. ಒಂದು ದಿನದ ನಂತರ ಉಳಿತಾಯ ಮೂರನೆಯ ಒಂದು ಭಾಗದಷ್ಟು, ಒಂದು ತಿಂಗಳ ನಂತರ ಐದನೆಯ ಒಂದು ಭಾಗ. ಅರ್ಥವಿರುವ ಪದಗಳು ಇಷ್ಟು ಬೇಗ ಹೋಗುವುದಿಲ್ಲ. ಆದರೆ ಆ ರೇಖೆಯ ಆಕಾರ ಎಲ್ಲರಿಗೂ ಅನ್ವಯಿಸುತ್ತದೆ. ಮೊದಲಿಗೆ ಕಡಿದಾಗಿ ಇಳಿಯುತ್ತದೆ, ಆಮೇಲೆ ನಿಧಾನ. ಆದ್ದರಿಂದ ಮೊದಮೊದಲು ಬೇಗ ಬೇಗ, ಬರಬರುತ್ತಾ ದೂರ ದೂರ ನೆನಪಿಸಿಕೊಳ್ಳಬೇಕು.

1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಇದಕ್ಕೆಂದು ಖಾನೆಗಳ ಪೆಟ್ಟಿಗೆಯನ್ನು ಜನಪ್ರಿಯಗೊಳಿಸಿದರು. ಅದಕ್ಕಿಂತ ತಾರೀಖಿನ ಪೆಟ್ಟಿಗೆ ನಡೆಸುವುದು ಸುಲಭ. ಬೂಟಿನ ಡಬ್ಬಿಯಲ್ಲಿ 1ರಿಂದ 31ರವರೆಗೆ ಅಂಕಿ ಬರೆದ ರಟ್ಟಿನ ತುಂಡುಗಳನ್ನು ನಿಲ್ಲಿಸಿ. ಇಂದು ಮಾಡಿದ ಹೊಸ ಕಾರ್ಡು ನಾಳೆಯ ತಾರೀಖಿನ ಹಿಂದೆ ಹೋಗುತ್ತದೆ. ನಾಳೆ ಸರಿ ಹೇಳಿದರೆ ಮೂಲೆಯಲ್ಲಿ ಒಂದು ಗೀಟು ಹಾಕಿ 3 ದಿನ ಮುಂದಿನ ತಾರೀಖಿಗೆ. ಎರಡನೆಯ ಗೀಟಿಗೆ 7 ದಿನ, ಮೂರನೆಯದಕ್ಕೆ 14, ನಾಲ್ಕನೆಯದಕ್ಕೆ 28. ಐದನೆಯ ಗೀಟು ಬಿದ್ದ ಕಾರ್ಡನ್ನು ರಬ್ಬರ್ ಬ್ಯಾಂಡ್ ಹಾಕಿ ಪಕ್ಕಕ್ಕಿಡಿ, ನಾಲ್ಕು ತಿಂಗಳಿಗೊಮ್ಮೆ ಆ ಕಟ್ಟಿನ ಮೇಲೆ ಕಣ್ಣಾಡಿಸಿದರೆ ಸಾಕು. 30ರ ಬದಲು 28 ಇಟ್ಟದ್ದಕ್ಕೆ ಕಾರಣವಿದೆ: ಫೆಬ್ರವರಿಯಲ್ಲಿ 30 ದಿನ ಮುಂದಕ್ಕೆ ಇಟ್ಟ ಕಾರ್ಡು ಎರಡೇ ದಿನದಲ್ಲಿ ಕೈಗೆ ಬಂದುಬಿಡುತ್ತದೆ. 28ಕ್ಕೆ ಆ ಗೊಂದಲವಿಲ್ಲ.

ತಪ್ಪಿದರೆ? ಒಂದೆರಡು ಗೀಟಿನ ಕಾರ್ಡಾದರೆ ಗೀಟುಗಳನ್ನು ಹೊಡೆದುಹಾಕಿ ನಾಳೆಗೆ ಇಡಿ. ಮೂರು, ನಾಲ್ಕು ಗೀಟು ಗಳಿಸಿದ್ದಾದರೆ ಒಂದು ಗೀಟು ಉಳಿಸಿ 3 ದಿನಕ್ಕೆ ಇಟ್ಟರಾಯಿತು. ಹಿಂದೆ ಗಟ್ಟಿಯಾಗಿ ಕಲಿತದ್ದು ಮರೆತಂತೆ ಕಂಡರೂ ಎರಡನೆಯ ಸಲ ಬೇಗ ಬರುತ್ತದೆ. ಎಬ್ಬಿಂಗ್‌ಹೌಸ್ ಅಳೆದದ್ದೂ ಅದನ್ನೇ.

ಹೊರೆಯ ಲೆಕ್ಕವನ್ನು ಮೊದಲೇ ಹಾಕಿಕೊಳ್ಳದವರು ಎರಡನೆಯ ತಿಂಗಳಲ್ಲಿ ಕೈಚೆಲ್ಲುತ್ತಾರೆ. ದಿನಕ್ಕೆ 10 ಹೊಸ ಪದ ಎಂದಿಟ್ಟುಕೊಳ್ಳಿ. 53 ದಿನಗಳ ಹೊತ್ತಿಗೆ ಐದೂ ಹಂತಗಳು ತುಂಬಿ, ದಿನವೂ ಪ್ರತಿ ಹಂತದಿಂದ 10ರಂತೆ 50 ಹಳೆಯ ಕಾರ್ಡು ಬರುತ್ತವೆ. ತಪ್ಪಿದ್ದೂ ಸೇರಿ 60 ಎನ್ನಿ. ಕಾರ್ಡಿಗೆ 8 ಸೆಕೆಂಡಾದರೆ 8 ನಿಮಿಷ. ಹೊಸ ಹತ್ತು ಕಾರ್ಡು ಬರೆಯಲು 10ರಿಂದ 12 ನಿಮಿಷ. ಒಟ್ಟು 20 ನಿಮಿಷದ ಕೆಲಸ. ಅದೇ ದಿನಕ್ಕೆ 30 ಪದ ಎಂದು ಹುಮ್ಮಸ್ಸಿನಲ್ಲಿ ಶುರುಮಾಡಿದರೆ ಇದು ಒಂದು ಗಂಟೆಯಾಗುತ್ತದೆ. ಮೊದಲ ವಾರ ಆ ಭಾರ ಕಾಣುವುದಿಲ್ಲ, ಅಲ್ಲೇ ಮೋಸ. ಎ1ನ 650 ಪದಕ್ಕೆ ದಿನಕ್ಕೆ 10ರಂತೆ 65 ದಿನ ಸಾಕು.

ಪರೀಕ್ಷೆಯ ದಿನ ಗೊತ್ತಿದ್ದರೆ ಅಂತರವನ್ನು ಅದಕ್ಕೆ ತಕ್ಕಂತೆ ಹೊಂದಿಸಬಹುದು. ನಿಕೋಲಸ್ ಸೆಪೆಡಾ ಮತ್ತು ಜೊತೆಯವರು 2008ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗದಲ್ಲಿ, ಒಂದು ವಾರದ ನಂತರದ ಪರೀಕ್ಷೆಗೆ ಎರಡು ಓದುಗಳ ನಡುವೆ 1 ದಿನದ ಅಂತರ ಚೆನ್ನಾಗಿ ಕೆಲಸ ಮಾಡಿತು. 70 ದಿನದ ನಂತರದ ಪರೀಕ್ಷೆಗೆ ಸುಮಾರು 3 ವಾರದ ಅಂತರ. ನಾಳಿದ್ದೇ ಪರೀಕ್ಷೆ ಇದ್ದವರಿಗೆ ಈ ಪೆಟ್ಟಿಗೆಯಿಂದ ಉಪಯೋಗವಿಲ್ಲ, ಅವರು ರಾತ್ರಿ ಕೂತು ಓದಲಿ.

ದಿನದ ಕೆಲಸ

ಹಳೆಯ ಕಾರ್ಡುಗಳು ಮೊದಲು, ಹೊಸವು ಆಮೇಲೆ. ಕಟ್ಟನ್ನು ಇಸ್ಪೀಟಿನಂತೆ ಕಲಸಿ, ಇಲ್ಲವಾದರೆ ಸಾಲಿನ ನೆನಪು ಮತ್ತೆ ನುಸುಳುತ್ತದೆ. ಕನ್ನಡ ಬದಿ ನೋಡಿ ಉತ್ತರವನ್ನು ಗಟ್ಟಿಯಾಗಿ ಹೇಳಿ, ಅನಂತರವೇ ತಿರುಗಿಸಿ. 'ಮನಸ್ಸಿನಲ್ಲಿ ಬಂತು' ಎಂಬುದನ್ನು ಸರಿಯುತ್ತರ ಎಂದು ಎಣಿಸಬೇಡಿ. ತಿರುಗಿಸಿ ನೋಡಿ 'ಹಾಂ, ಇದೇ ಅಂದುಕೊಂಡಿದ್ದೆ' ಎನಿಸುವುದು ಗುರುತು ಹಿಡಿದದ್ದರ ಲಕ್ಷಣ, ನೆನಪು ಬಂದದ್ದರದಲ್ಲ. ಪರೀಕ್ಷೆಗೆ ಬರೆಯಬೇಕಾದವರು ಹೇಳುವ ಬದಲು ಬರೆಯಲಿ, ಏಕೆಂದರೆ ಯಾವ ರೂಪದಲ್ಲಿ ಅಭ್ಯಾಸವಾಗಿದೆಯೋ ಆ ರೂಪದಲ್ಲೇ ಅದು ಸುಲಭವಾಗಿ ಹೊರಬರುತ್ತದೆ.

ನಾಲಿಗೆಯ ತುದಿಯಲ್ಲಿದೆ, ಬರುತ್ತಿಲ್ಲ ಎಂದಾಗ ಎಷ್ಟು ಹೊತ್ತು ತಿಣುಕಬೇಕು? ಹತ್ತು ಸೆಕೆಂಡು ಸಾಕು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ನಡೆದ ಪ್ರಯೋಗವೊಂದರಲ್ಲಿ, ಸಿಕ್ಕಿಬಿದ್ದ ಪದಕ್ಕಾಗಿ 10 ಸೆಕೆಂಡು ಹುಡುಕಿದವರಿಗಿಂತ 30 ಸೆಕೆಂಡು ಹುಡುಕಿದವರು ಎರಡು ದಿನದ ನಂತರ ಅದೇ ಪದದಲ್ಲಿ ಮತ್ತೆ ಹೆಚ್ಚಾಗಿ ಸಿಕ್ಕಿಬಿದ್ದರು. ದಾರಿ ತಪ್ಪುವುದೂ ಅಭ್ಯಾಸವಾಗಿಬಿಡುತ್ತದೆ. ಹತ್ತು ಸೆಕೆಂಡಿನಲ್ಲಿ ಬರದಿದ್ದರೆ ತಿರುಗಿಸಿ ನೋಡಿ, ಮುಚ್ಚಿ, ಮೂರು ಸಲ ಹೇಳಿ, ಕಟ್ಟಿನ ಕೊನೆಗೆ ಹಾಕಿ.

ಹೊಸ ಪದಗಳಿಗೆ ಮೊದಲ ಒಂದು ಗಂಟೆ ಮುಖ್ಯ. ಪಾಲ್ ಪಿಮ್ಸ್ಲರ್ 1967ರಲ್ಲಿ ಸೂಚಿಸಿದ ವೇಳಾಪಟ್ಟಿ 5 ಸೆಕೆಂಡು, 25 ಸೆಕೆಂಡು, 2 ನಿಮಿಷ, 10 ನಿಮಿಷ, 1 ಗಂಟೆ, 5 ಗಂಟೆ, 1 ದಿನ ಎಂದು ಸಾಗುತ್ತದೆ. ಗಡಿಯಾರ ಹಿಡಿದು ಇದನ್ನು ಪಾಲಿಸುವುದು ಹುಚ್ಚುತನ. ಮಂಡ್ಯದಿಂದ ಮೈಸೂರಿಗೆ ಪ್ಯಾಸೆಂಜರ್ ರೈಲಿನಲ್ಲಿ ಓಡಾಡುವವರಿಗೆ ಗಡಿಯಾರ ಬೇಕಾಗಿಯೂ ಇಲ್ಲ. ಮಂಡ್ಯ ಬಿಡುವಾಗ ಹತ್ತು ಹೊಸ ಕಾರ್ಡು ನೋಡಿ ಜೇಬಿಗಿಡಿ. ಯಲಿಯೂರಿನಲ್ಲಿ ಒಮ್ಮೆ, ಪಾಂಡವಪುರದಲ್ಲಿ ಒಮ್ಮೆ, ಶ್ರೀರಂಗಪಟ್ಟಣ ದಾಟಿದ ಮೇಲೆ ಒಮ್ಮೆ, ಮೈಸೂರಿನಲ್ಲಿ ಇಳಿಯುವಾಗ ಒಮ್ಮೆ ಕಾರ್ಡು ತೆಗೆಯದೆ ಹತ್ತನ್ನೂ ನೆನೆಯಿರಿ. ಬಾರದ್ದನ್ನು ಮಾತ್ರ ತೆಗೆದು ನೋಡಿ. ನಡುವೆ ಕಿಟಕಿಯಾಚೆ ನೋಡುತ್ತಾ ಕೂರುವುದೂ ಈ ಕ್ರಮದ ಭಾಗವೇ. ಸ್ವಲ್ಪ ಮರೆಯಲು ಬಿಟ್ಟು ಎತ್ತಿದ ಪದ ಗಟ್ಟಿಯಾಗುತ್ತದೆ.

ರಾತ್ರಿ ಮಲಗುವ ಮುನ್ನ ಐದು ನಿಮಿಷ ಅವೇ ಹತ್ತನ್ನು ಹೇಳಿಕೊಳ್ಳಿ. ನಿದ್ದೆಯಲ್ಲಿ ನೆನಪು ಗಟ್ಟಿಯಾಗುತ್ತದೆ ಎಂಬುದಕ್ಕೆ ಪುರಾವೆ ಸಾಕಷ್ಟಿದೆ. ನಿದ್ದೆಗೆಟ್ಟು ಓದಿ ಗಳಿಸಿದ ಗಂಟೆ ಹೆಚ್ಚಾಗಿ ನಷ್ಟದ ಬಾಬ್ತು.

ಒಂದರ ಮೇಲೊಂದು ಬಿದ್ದು ಕಲಸಿಹೋಗುವ ಪದಗಳು

ಪಠ್ಯಪುಸ್ತಕಗಳು ಬಣ್ಣಗಳೆಲ್ಲ ಒಂದು ಪಾಠ, ದೇಹದ ಭಾಗಗಳೆಲ್ಲ ಇನ್ನೊಂದು ಪಾಠ ಎಂದು ಜೋಡಿಸುತ್ತವೆ. ನೋಡಲು ಅಚ್ಚುಕಟ್ಟು, ನೆನಪಿಗೆ ಕಷ್ಟ. ಥಾಮಸ್ ಟಿಂಕಮ್ 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ ಒಂದೇ ಜಾತಿಯ ಪದಗಳನ್ನು ಒಟ್ಟಿಗೆ ಕಲಿತವರು ಸಂಬಂಧವಿಲ್ಲದ ಪದಗಳನ್ನು ಕಲಿತವರಿಗಿಂತ ನಿಧಾನವಾದರು. ಎಡ–ಬಲ, ಕೊಡು–ತಗೋ, ನಿನ್ನೆ–ನಾಳೆಗಳನ್ನು ಒಂದೇ ದಿನ ಕಲಿತರೆ ಎರಡೂ ಪದ ನೆನಪಿರುತ್ತವೆ, ಯಾವುದು ಯಾವುದೆಂಬುದು ಮಾತ್ರ ಇರುವುದಿಲ್ಲ. ಇಂಗ್ಲಿಷಿನ 'ಬಾರೋ', 'ಲೆಂಡ್' ಕೂಡ ಹೀಗೆಯೇ. ಒಂದನ್ನು ಈ ವಾರ ಕಲಿಯಿರಿ. ಅದಕ್ಕೆ ಎರಡು ಗೀಟು ಬಿದ್ದ ಮೇಲೆ ಇನ್ನೊಂದು. ಪುಸ್ತಕದ ಪಾಠ ಪುಸ್ತಕದ ಕ್ರಮದಲ್ಲೇ ಓದಿ, ಕಾರ್ಡಿಗೆ ಇಳಿಸುವಾಗ ಬೇರೆ ಬೇರೆ ಪಾಠಗಳಿಂದ ಎರಡೆರಡು ಹೆಕ್ಕಿಕೊಳ್ಳಿ.

ಪಿಯುಸಿಗೆ ಇಂಗ್ಲಿಷ್ ಮಾಧ್ಯಮ ಸೇರಿದವರಿಗೆ ಈ ಮಾತು ಎರಡು ಪಟ್ಟು ಅನ್ವಯ. ಜವ–ವೇಗ, ವಿಸರಣೆ–ಅಭಿಸರಣೆ ಒಂದೇ ಪುಟದಲ್ಲಿ ಬರುತ್ತವೆ, ಅವುಗಳ ಇಂಗ್ಲಿಷ್ ಹೆಸರುಗಳು ಒಂದೇ ಸಂಜೆ ತಲೆಗೆ ಬಂದು ಅದಲುಬದಲಾಗುತ್ತವೆ. ಆದರೆ ಇವರಿಗೆ ದೊಡ್ಡ ಅನುಕೂಲವೊಂದಿದೆ. ದ್ಯುತಿಸಂಶ್ಲೇಷಣೆ ಎಂದರೇನೆಂದು ಇವರಿಗೆ ಗೊತ್ತು. ಬೇಕಾದ್ದು 'ಫೋಟೋಸಿಂಥೆಸಿಸ್' ಎಂಬ ಹೊಸ ಹೆಸರು ಮಾತ್ರ. ಹಾಗಾಗಿ ಮುಂಬದಿಯಲ್ಲಿ ಕನ್ನಡ ಪದದ ಬದಲು ಚಿತ್ರ ಬಿಡಿಸಿ: ಎಲೆ, ಸೂರ್ಯ, ಒಳಬರುವ ಮತ್ತು ಹೊರಹೋಗುವ ಬಾಣಗಳು. ವೇಗೋತ್ಕರ್ಷಕ್ಕೆ ಕಾಲ ಮತ್ತು ವೇಗದ ನಕ್ಷೆಯಲ್ಲಿ ಏರುವ ಗೆರೆ. ಪ್ರಶ್ನೆಪತ್ರಿಕೆಯಲ್ಲಿ ಕನ್ನಡ ಪದ ಕೊಟ್ಟು ಯಾರೂ ಇಂಗ್ಲಿಷ್ ಕೇಳುವುದಿಲ್ಲ. ಪರಿಕಲ್ಪನೆಯಿಂದ ಹೆಸರಿಗೆ ನೇರ ದಾರಿಯಾದರೆ ಬರೆಯುವಾಗ ಒಂದು ಸುತ್ತು ಉಳಿಯುತ್ತದೆ. ದಿನಕ್ಕೆ 6 ಸಾಕು, ಇವರಿಗೆ ಓದಲು ಬೇರೆಯದೂ ಇದೆ.

ಹಿಂದಿ ಕಲಿಯುವವರಿಗೆ ಸಂಸ್ಕೃತ ಮೂಲದ ಪದಗಳು ಅರ್ಧ ದಾರಿ ಹೊತ್ತುಕೊಂಡು ಹೋಗುತ್ತವೆ, ಕೆಲವು ಕಡೆ ಹಳ್ಳಕ್ಕೂ ಕೆಡವುತ್ತವೆ. ಅಲ್ಲಿ 'ಶಿಕ್ಷಾ' ವಿದ್ಯೆ, 'ಅವಸರ್' ಅವಕಾಶ, 'ಉಪನ್ಯಾಸ್' ಕಾದಂಬರಿ, 'ಸಂಸಾರ್' ಜಗತ್ತು. ಇಂಥವು ಹೊಸ ಪದಗಳಿಗಿಂತ ಕಷ್ಟ, ಏಕೆಂದರೆ ಹಳೆಯ ಅರ್ಥ ದಿನವೂ ಬಳಕೆಯಲ್ಲಿದ್ದು ಮೊದಲು ಎದ್ದು ಬರುತ್ತದೆ. ಇವಕ್ಕೆ ಕಾರ್ಡಿನ ಅಂಚಿಗೆ ಕೆಂಪು ಪಟ್ಟಿ ಹಾಕಿ, ಪೂರ್ತಿ ವಾಕ್ಯದಲ್ಲೇ ಬರೆಯಿರಿ, ಅಂತರವನ್ನು ಒಂದು ಹಂತ ಕಡಿಮೆ ಇಡಿ. ತಮಿಳಿನಲ್ಲಿ ಲೆಕ್ಕ ಉಲ್ಟಾ, ಅಲ್ಲಿ ಹೋಲಿಕೆ ಬಹುಪಾಲು ಲಾಭವೇ. ಕನ್ನಡದ ಹಕಾರ ಇರುವಲ್ಲಿ ಅಲ್ಲಿ ಪಕಾರ: ಹಾಲು–ಪಾಲ್, ಹುಲಿ–ಪುಲಿ, ಹಲ್ಲು–ಪಲ್, ಹತ್ತು–ಪತ್ತು, ಹಣ–ಪಣಂ. ಇಂಥ ಪದಗಳಿಗೆ ಕಾರ್ಡು ಮಾಡಿ ಹಾಳೆ ಹಾಳುಮಾಡಬೇಡಿ. ನಿಯಮಕ್ಕೆ ಒಂದು ಕಾರ್ಡು, ನಿಯಮ ಮುರಿಯುವ ಪದಗಳಿಗೆ ಒಂದೊಂದು.

ಎಷ್ಟು ಸಲ ನೋಡಿದರೂ ನಿಲ್ಲದ ಪದ

ನಾಲ್ಕು ಸಲ ತಪ್ಪಿದ ಪದವನ್ನು ಐದನೆಯ ಸಲವೂ ಅದೇ ರೀತಿ ನೋಡಿದರೆ ಫಲವಿಲ್ಲ. ಅದಕ್ಕೊಂದು ಕೊಕ್ಕೆ ಬೇಕು. 1975ರಲ್ಲಿ ರಿಚರ್ಡ್ ಅಟ್ಕಿನ್ಸನ್ ಮತ್ತು ಮೈಕೆಲ್ ರಾ ರಷ್ಯನ್ ಪದಗಳ ಮೇಲೆ ಪರೀಕ್ಷಿಸಿದ ವಿಧಾನ ಇಲ್ಲಿ ಕೆಲಸಕ್ಕೆ ಬರುತ್ತದೆ: ವಿದೇಶಿ ಪದದಂತೆ ಕೇಳಿಸುವ ನಿಮ್ಮ ಭಾಷೆಯ ಪದ ಹಿಡಿದು, ಎರಡನ್ನೂ ಒಂದೇ ಚಿತ್ರದಲ್ಲಿ ಕೂರಿಸುವುದು. ಜರ್ಮನ್ನಿನಲ್ಲಿ ಬಾತುಕೋಳಿ 'ಎಂಟೆ'. ಕಾವೇರಿಯಲ್ಲಿ ಸಾಲಾಗಿ ತೇಲುವ ಎಂಟು ಬಾತುಕೋಳಿಗಳನ್ನು ಕಲ್ಪಿಸಿಕೊಳ್ಳಿ. ಮೊಟ್ಟೆ 'ಐ'; ಬುಟ್ಟಿಯಲ್ಲಿ ಐದು ಮೊಟ್ಟೆ. ಪ್ಯಾಂಟು 'ಹೋಜೆ', ದಸರಾಕ್ಕೆ ಹೊಲಿಸಿದ ಹೊಸ ಪ್ಯಾಂಟು. ಚಿತ್ರದಲ್ಲಿ ಎರಡೂ ವಸ್ತು ಒಂದಕ್ಕೊಂದು ತಾಗಿರಬೇಕು, ಪಕ್ಕಪಕ್ಕ ನಿಂತರೆ ಸಾಲದು. ಈ ಉಪಾಯಕ್ಕೆ ಮಿತಿಯೂ ಇದೆ. ಕಣ್ಣಿಗೆ ಕಟ್ಟದ ಪದಗಳಿಗೆ ಇದು ಒಗ್ಗುವುದಿಲ್ಲ, ಮಾತಿನ ವೇಗಕ್ಕೂ ಸುತ್ತುದಾರಿಯಾಗುತ್ತದೆ. ಎರಡು ಮೂರು ಗೀಟು ಬೀಳುವ ಹೊತ್ತಿಗೆ ಚಿತ್ರ ತಾನಾಗಿ ಕಳಚಿಕೊಳ್ಳುತ್ತದೆ, ಕಳಚಲಿ ಬಿಡಿ. ಎಲ್ಲ ಪದಕ್ಕೂ ಚಿತ್ರ ಹೊಸೆಯುತ್ತಾ ಕೂರುವವರನ್ನು ನೋಡಿದರೆ ಭಾಷೆ ಕಲಿಯುತ್ತಿದ್ದಾರೋ ಅವಧಾನಕ್ಕೆ ತಯಾರಾಗುತ್ತಿದ್ದಾರೋ ಎಂದು ಅನುಮಾನ ಬರುತ್ತದೆ. ಅದಕ್ಕೂ ಜಗ್ಗದ ಪದವನ್ನು ಒಂದು ತಿಂಗಳು ಪೆಟ್ಟಿಗೆಯಿಂದ ಹೊರಗಿಡಿ. ನಿಜವಾಗಿ ಬೇಕಾದ ಪದ ಎಲ್ಲಾದರೂ ಮತ್ತೆ ಎದುರಾಗುತ್ತದೆ.

ಕಾರ್ಡಿನಿಂದ ಮಾತಿಗೆ

ಐದು ಗೀಟು ಬಿದ್ದ ಪದವೂ ಸಂಭಾಷಣೆಯಲ್ಲಿ ಕೈಕೊಡಬಹುದು. ಕಾರ್ಡು ಒಂದೊಂದೇ ಪದ ಕೇಳುತ್ತದೆ. ಮಾತು ಪದ, ವ್ಯಾಕರಣ, ಎದುರಿನವರ ಮುಖ ಎಲ್ಲವನ್ನೂ ಒಟ್ಟಿಗೆ ಕೇಳುತ್ತದೆ. ವಾರಕ್ಕೆ ಎರಡು ದಿನ 4-3-2 ಅಭ್ಯಾಸ ಮಾಡಿ. ಒಂದೇ ವಿಷಯವನ್ನು ಮೊದಲು 4 ನಿಮಿಷ, ಆಮೇಲೆ 3 ನಿಮಿಷ, ಕೊನೆಗೆ 2 ನಿಮಿಷದಲ್ಲಿ ಹೇಳುವುದು. ಪ್ರತಿ ಸಲ ಕೇಳುವವರು ಬೇರೆಯಾದರೆ ಉತ್ತಮ, ಯಾರೂ ಇಲ್ಲದಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ವಿಷಯ ಹೊಸದಾಗಿರಬಾರದು, ಏನು ಹೇಳಬೇಕು ಎಂಬ ಯೋಚನೆಗೇ ಸಮಯ ಹೋಗುತ್ತದೆ. ಮಂಡ್ಯದ ಕಡೆಯವರು ಆಲೆಮನೆಯನ್ನೇ ತೆಗೆದುಕೊಳ್ಳಲಿ: ಕಬ್ಬು ಅರೆಯುವುದು, ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸುವುದು, ಸುಣ್ಣ ಹಾಕಿ ಕಲ್ಮಶ ತೆಗೆಯುವುದು, ಪಾಕ ಬಂದಾಗ ಅಚ್ಚಿಗೆ ಸುರಿಯುವುದು. ಹಂತಗಳು ಗೊತ್ತೇ ಇರುವುದರಿಂದ ಗಮನವೆಲ್ಲ ಭಾಷೆಯ ಮೇಲೆ ಉಳಿಯುತ್ತದೆ. ಮೊದಲ ಸುತ್ತಿನಲ್ಲಿ ತಡವರಿಸಿದ ಕಡೆ ಸುತ್ತಿ ಬಳಸಿಯಾದರೂ ದಾಟಿ, ನಿಲ್ಲಬೇಡಿ. ಮೂರೂ ಸುತ್ತು ಮುಗಿದ ಮೇಲೆ ಸಿಗದ ಪದಗಳನ್ನು ಬರೆದುಕೊಳ್ಳಿ. ನಾಳೆಯ ಹತ್ತು ಕಾರ್ಡುಗಳಲ್ಲಿ ಅವಕ್ಕೆ ಮೊದಲ ಜಾಗ. ಪುಸ್ತಕದ ಪಟ್ಟಿಗಿಂತ ಈ ಪದಗಳು ಬೇಗ ನಿಲ್ಲುತ್ತವೆ, ಅವು ನಿಮಗೆ ಬೇಕಾಗಿ ಸಿಗದೆ ಹೋದ ಪದಗಳು.

ಫೋನಿನಲ್ಲಿ ಮಾಡುವವರಿಗೆ

ಆಂಕಿ ಎಂಬ ಆ್ಯಪ್ ಇದೇ ಲೆಕ್ಕವನ್ನು ತಾನೇ ಹಾಕುತ್ತದೆ, ಆಂಡ್ರಾಯ್ಡ್‌ನಲ್ಲಿ ಉಚಿತ. ಅದು ದಿನಕ್ಕೆ 20 ಹೊಸ ಕಾರ್ಡು ಎಂದು ಇಟ್ಟುಕೊಂಡಿರುತ್ತದೆ, 10ಕ್ಕೆ ಇಳಿಸಿ. ಉತ್ತರದ ಗುಂಡಿಗಳಲ್ಲಿ 'ಹಾರ್ಡ್' ಎಂದರೆ ಕಷ್ಟಪಟ್ಟು ಸರಿ ಹೇಳಿದೆ ಎಂದು ಅರ್ಥ. ಮರೆತಾಗ ಅದನ್ನು ಒತ್ತುವವರು ಬಹಳ, ಹಾಗೆ ಒತ್ತಿದರೆ ಮರೆತ ಪದಕ್ಕೆ ಅಂತರ ಹೆಚ್ಚುತ್ತಲೇ ಹೋಗುತ್ತದೆ. ಮರೆತಿದ್ದರೆ 'ಅಗೇನ್' ಒಂದೇ. ಎಂಟು ಸಲ ತಪ್ಪಿದ ಕಾರ್ಡನ್ನು ಅದು 'ಲೀಚ್', ಅಂದರೆ ಜಿಗಣೆ, ಎಂದು ಗುರುತು ಹಾಕುತ್ತದೆ. ಅಂಥದ್ದನ್ನು ಮತ್ತೆ ಬರೆಯಿರಿ, ಇಲ್ಲವೇ ಅಳಿಸಿ. ಬೇರೆಯವರು ಮಾಡಿಟ್ಟ ಐದು ಸಾವಿರ ಪದದ ಕಟ್ಟು ಇಳಿಸಿಕೊಳ್ಳುವುದು ಆಕರ್ಷಕ, ಆದರೆ ಅವು ಹೆಚ್ಚಾಗಿ ಇಂಗ್ಲಿಷಿನಿಂದ ಪ್ರಶ್ನೆ ಕೇಳುತ್ತವೆ. ಇಂಗ್ಲಿಷ್ ಸರಾಗವಾಗಿ ಬಾರದವರಿಗೆ ಜರ್ಮನ್ ಜೊತೆ ಇನ್ನೊಂದು ಪರೀಕ್ಷೆ ಸೇರಿದಂತೆ. ಕಾರ್ಡು ಬರೆಯುವ ಶ್ರಮದಲ್ಲೇ ಅರ್ಧ ಕಲಿಕೆ ಇದೆ.

ಹತ್ತು ದಿನ ಬಿಟ್ಟುಹೋದರೆ

ದಸರೆಗೆ ನೆಂಟರು ಬಂದರು, ಪೆಟ್ಟಿಗೆ ಮುಟ್ಟಲಿಲ್ಲ ಎನ್ನಿ. ದಿನಕ್ಕೆ 10ರ ಲೆಕ್ಕದಲ್ಲಿ ನಡೆಯುತ್ತಿದ್ದ ಪೆಟ್ಟಿಗೆಯಲ್ಲಿ ಹತ್ತು ದಿನಕ್ಕೆ ಸುಮಾರು 300 ಕಾರ್ಡು ಬಾಕಿ ಬಿದ್ದಿರುತ್ತವೆ. ಒಂದೇ ರಾತ್ರಿ ಮುಗಿಸಲು ಹೋಗಬೇಡಿ. ಹೊಸ ಪದಗಳನ್ನು ಪೂರ್ತಿ ನಿಲ್ಲಿಸಿ, ಬಾಕಿಯನ್ನು ಗೀಟಿನ ಪ್ರಕಾರ ಬೇರ್ಪಡಿಸಿ. ಎರಡು ಗೀಟಿನ ಸುಮಾರು 70 ಕಾರ್ಡುಗಳು ಮೊದಲು; ಇನ್ನೂ ತಡವಾದರೆ ಹೆಚ್ಚು ನಷ್ಟವಾಗುವುದು ಅಲ್ಲೇ. ಮೂರು, ನಾಲ್ಕು ಗೀಟಿನವು ಆಮೇಲೆ. ಅವುಗಳ ಅಂತರವೇ ದೊಡ್ಡದಾದ್ದರಿಂದ ಹತ್ತು ದಿನ ಹೆಚ್ಚಾದರೂ ಬಹಳಷ್ಟು ಉಳಿದಿರುತ್ತವೆ, ಬೇಗ ಮುಗಿಯುತ್ತವೆ. ತಡವಾಗಿಯೂ ಸರಿ ಹೇಳಿದ ಕಾರ್ಡಿಗೆ ಗೀಟು ಎಂದಿನಂತೆ ಹಾಕಿ. ಗೀಟಿಲ್ಲದ ಮತ್ತು ಒಂದು ಗೀಟಿನ ಸುಮಾರು 40 ಕಾರ್ಡುಗಳು ಹೋದವೆಂದೇ ತಿಳಿದು, ಗೀಟು ಅಳಿಸಿ, ಹೊಸ ಪದಗಳೆಂಬಂತೆ ದಿನಕ್ಕೆ 10ರಂತೆ ಕೊನೆಯಲ್ಲಿ ಸೇರಿಸಿ. ದಿನದ ಮಿತಿ 80 ಕಾರ್ಡು. ಆಯಾ ದಿನದ ಪಾಲು ಸೇರಿಯೂ ಐದು ದಿನದಲ್ಲಿ ದೊಡ್ಡ ಬಾಕಿ ತೀರುತ್ತದೆ, ಆಮೇಲಿನ ನಾಲ್ಕು ದಿನ ಆ 40 ಕಾರ್ಡುಗಳಿಗೆ. ಅದಾದ ಮರುದಿನ ಪುಸ್ತಕ ತೆರೆದು ಹೊಸ ಪದ ಬರೆಯಬಹುದು.